ಕೈ ನೋಡದ ಕಣ್ಣು

ಟೀ ಮಾಡುವವರ ಕಣ್ಣು ಎಲ್ಲೆಲ್ಲಿ ಓಡಾಡುತ್ತದೆ ಎಂದು ತಿಳಿಯಲು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಮೂರು ಜನರ ತಲೆಗೆ ಕ್ಯಾಮೆರಾ ಕಟ್ಟಿ ಅಡುಗೆಕೋಣೆಗೆ ಬಿಟ್ಟಿದ್ದರು. 1999ರಲ್ಲಿ ಪ್ರಕಟವಾದ ಸಂಶೋಧನೆ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟಳು.

"ಟೀ ಮಾಡೋದನ್ನ ನೋಡೋಕೂ ಸಂಬಳ ಕೊಡ್ತಾರೇನ್ರೀ?"

"ಕೊಡ್ತಾರೆ."

"ಮತ್ತೆ ಮಾಡೋರಿಗೆ?"

ಈ ಪ್ರಶ್ನೆಗೆ ಉತ್ತರ ಕೊಡುವಷ್ಟು ವಿಜ್ಞಾನ ಇನ್ನೂ ಬೆಳೆದಿಲ್ಲವೆಂದುಕೊಂಡು ನಾನು ಲೋಟ ಹಿಡಿದು ಜಗಲಿಗೆ ಬಂದೆ.

ಆ ಸಂಶೋಧನೆಯ ಹಿಂದಿದ್ದವರು ಮೈಕೆಲ್ ಲ್ಯಾಂಡ್. ಅದಕ್ಕೂ ಮೊದಲು ಅವರು ಜಿಗಿಯುವ ಜೇಡಗಳ ಕಣ್ಣು, ಕಡಲ ಚಿಪ್ಪುಜೀವಿಗಳ ಕಣ್ಣು ಅಂತ ಅವುಗಳ ಹಿಂದೆ ಬಿದ್ದಿದ್ದವರು. ಸ್ಕ್ಯಾಲಪ್ ಎಂಬ ಚಿಪ್ಪುಜೀವಿ ತನ್ನ ಕಣ್ಣೊಳಗಿನ ಕನ್ನಡಿಯಿಂದ ಬಿಂಬ ಮೂಡಿಸಿಕೊಳ್ಳುತ್ತದೆಂದು ತೋರಿಸಿಕೊಟ್ಟವರೂ ಅವರೇ. ಜೇಡ, ಚಿಪ್ಪು ಎಲ್ಲ ಮುಗಿಸಿ ಮನುಷ್ಯನ ಟೀಗೆ ಬಂದರು. ಅಲ್ಲಿ ಕಂಡದ್ದು ಇಷ್ಟು: ಕೈ ಕೆಟಲನ್ನು ಮುಟ್ಟುವುದಕ್ಕೆ ಅರ್ಧ ಸೆಕೆಂಡಿಗಿಂತ ತುಸು ಮೊದಲೇ ಕಣ್ಣು ಅಲ್ಲಿಗೆ ಹೋಗಿ ಕೂತಿರುತ್ತದೆ. ಕೈ ಇನ್ನೂ ಕೆಟಲಿನ ಜೊತೆ ಏಗುತ್ತಿರುವಾಗಲೇ ಕಣ್ಣು ನಲ್ಲಿಯ ಕಡೆ ಹೊರಟಾಯಿತು. ಟೀಗೆ ಸಂಬಂಧವಿಲ್ಲದ ವಸ್ತುಗಳ ಮೇಲೆ ಬಿದ್ದ ನೋಟ ಶೇ. 5ಕ್ಕಿಂತಲೂ ಕಡಿಮೆ. ಮನಸ್ಸು ಮಗಳ ಫೀಸಿನ ಮೇಲೋ ನೆರೆಮನೆಯ ಕಾಂಪೌಂಡಿನ ಮೇಲೋ ಇರಬಹುದು. ಕಣ್ಣು ಮಾತ್ರ ಡ್ಯೂಟಿ ಬಿಟ್ಟು ಕದಲುವುದಿಲ್ಲ.

ಕಣ್ಣು ಹೀಗೆ ಮುಂದೆ ಮುಂದೆ ಹೋಗುವ ಸಂಗತಿ ನನಗೆ ಹೊಸದಲ್ಲ. ನನ್ನ ಹೊಟ್ಟೆಪಾಡು ನಡೆದದ್ದೇ ಅದರಿಂದ. ಪಿಯುಸಿ ಮುಗಿಸಿದವರೆಲ್ಲ 'ಇರಲಿ ಒಂದು ಟೈಪಿಂಗ್' ಎಂದು ಇನ್‌ಸ್ಟಿಟ್ಯೂಟ್ ಸೇರುತ್ತಿದ್ದ ಕಾಲ ಅದು. ನಮ್ಮ ತಾಲ್ಲೂಕು ಪೇಟೆಯ ಇನ್‌ಸ್ಟಿಟ್ಯೂಟ್ ಸೈಕಲ್ ಶಾಪಿನ ಮಹಡಿಯಲ್ಲಿತ್ತು. ಕೆಳಗೆ ಪಂಪು ಹೊಡೆಯುವ ಸದ್ದು, ಮೇಲೆ ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳ ಟಪಟಪ. ಮೇಷ್ಟ್ರ ಮೊದಲನೆಯ ಉಪದೇಶವೂ ಕೊನೆಯ ಉಪದೇಶವೂ ಒಂದೇ: "ಕೀ ನೋಡ್ಬೇಡ." ನೋಡುವವರಿಗೆ ಅವರು ರಟ್ಟಿನದೊಂದು ಮುಚ್ಚಿಗೆ ಮಾಡಿಟ್ಟಿದ್ದರು; ಅದರಡಿಗೆ ಎರಡೂ ಕೈ ತೂರಿಸಿಕೊಂಡು ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ ಎಂದು ಕುಟ್ಟಬೇಕು. ಇಂಗ್ಲಿಷ್ ಆದ ಮೇಲೆ ಕನ್ನಡ. ಅನಂತಸುಬ್ಬರಾಯರ ಕೀಲಿಮಣೆಯಲ್ಲಿ ಅಕ್ಷರವನ್ನು ತುಂಡು ತುಂಡಾಗಿ ಜೋಡಿಸಬೇಕು. ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಲ್ಲ ಅಲ್ಲಲ್ಲಿ ಚದುರಿ ಕೂತಿರುತ್ತಿದ್ದವು. 'ರಾಷ್ಟ್ರ' ಎಂದು ನೋಡದೆ ಹೊಡೆದವನನ್ನು ಮೇಷ್ಟ್ರು ಪಕ್ಕದ ಬೆಂಚಿನ ಹುಡುಗಿಯರ ಎದುರು ಹೊಗಳುತ್ತಿದ್ದರು. ಅಷ್ಟು ಸಾಕಿತ್ತು ನಮಗೆ.

ಇದನ್ನು ಕೂಡ ಅಳೆದವರಿದ್ದಾರೆ. 1932ರಷ್ಟು ಹಿಂದೆಯೇ ಬುಚ್ ಎಂಬ ಅಮೆರಿಕದವರು ಟೈಪಿಸ್ಟರ ಕಣ್ಣನ್ನು ಗಮನಿಸಿ, ಅದು ಬೆರಳಿಗಿಂತ ಹೆಚ್ಚುಕಮ್ಮಿ ಒಂದು ಸೆಕೆಂಡು ಮುಂದಿರುತ್ತದೆ ಎಂದು ಬರೆದರು. ಚುರುಕಿನವರಾಗಲಿ ನಿಧಾನದವರಾಗಲಿ, ಆ ಒಂದು ಸೆಕೆಂಡು ಅಷ್ಟಾಗಿ ಬದಲಾಗುವುದಿಲ್ಲ. ಚುರುಕಿನವರು ಅಷ್ಟರಲ್ಲಿ ಹೆಚ್ಚು ಅಕ್ಷರ ನುಂಗಿರುತ್ತಾರೆ ಅಷ್ಟೆ. ಸ್ವರಲಿಪಿ ನೋಡಿಕೊಂಡು ಪಿಯಾನೋ ನುಡಿಸುವವರದ್ದೂ ಸುಮಾರು ಇದೇ ಲೆಕ್ಕ. ಕಣ್ಣಿನಿಂದ ಬೆರಳಿಗೆ ಹೋಗುವ ಈ ದಾರಿಯಲ್ಲಿ ಅರ್ಥಕ್ಕೆ ನಿಲುಗಡೆ ಇಲ್ಲ ಎಂಬುದಕ್ಕೆ ನಮ್ಮ ಕಚೇರಿಯೇ ಸಾಕ್ಷಿ. ಅಲ್ಲೊಬ್ಬರು ತಮ್ಮದೇ ವರ್ಗಾವಣೆಯ ಆದೇಶವನ್ನು ಒಂದೂ ತಪ್ಪಿಲ್ಲದೆ ಟೈಪ್ ಮಾಡಿ, ಕಾರ್ಬನ್ ಪ್ರತಿ ಬಿಡಿಸಿ, ಸಾಹೇಬರ ಸಹಿಗೆ ಇಟ್ಟು ಬಂದು ಕ್ಯಾಂಟೀನಿನಲ್ಲಿ ಬೋಂಡ ತಿನ್ನುತ್ತಿದ್ದರು. ಆಗ ಜವಾನ ಬಂದು "ಬೀದರಿಗಂತೆ ಸಾರ್" ಎಂದ.

ಸ್ವೀಡನ್ನಿನ ಉಮಿಯೊ ಎಂಬ ಊರಲ್ಲಿ ರೋಲಂಡ್ ಯೋಹಾನ್ಸನ್ ಎಂಬ ವಿಜ್ಞಾನಿ ಇದ್ದಾರೆ. ಜನರ ಕೈಗೆ ಒಂದು ಪಟ್ಟಿ ಕೊಟ್ಟು, ನಡುವಿನ ಅಡ್ಡಿಯನ್ನು ತಪ್ಪಿಸಿಕೊಂಡು ಹೋಗಿ ಗುರಿ ಮುಟ್ಟಿಸಿ ಎಂದು ಅವರ ತಂಡ ಹೇಳಿತು. 2001ರ ಪ್ರಯೋಗ. ಹಿಡಿಯಬೇಕಾದ ಜಾಗ, ಅಡ್ಡಿಯ ಅಂಚು, ಗುರಿ ಇವಿಷ್ಟನ್ನು ಕಣ್ಣು ಒಂದರ ಹಿಂದೊಂದು ನೋಡುತ್ತ ಹೋಯಿತು. ಚಲಿಸುತ್ತಿದ್ದ ಸ್ವಂತ ಕೈಯನ್ನು ನೋಡಲೇ ಇಲ್ಲ. ಚಿಕ್ಕಂದಿನಲ್ಲಿ "ಕೈ ಮೇಲೆ ನಿಗಾ ಇಟ್ಕೊಂಡು ಮಾಡೋ" ಎಂದು ಬೈಸಿಕೊಂಡವರೆಲ್ಲ ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು.

ಹಾಗಾದರೆ ಕೈಯ ಯೋಗಕ್ಷೇಮ ನೋಡುವವರು ಯಾರು? ಬೆರಳ ತುದಿಯ ಚರ್ಮ. ಇದೇ ಯೋಹಾನ್ಸನ್ ಬೆರಳ ತುದಿಯ ಸ್ಪರ್ಶದ ಮೇಲೇ ಬಹುಕಾಲ ಕೆಲಸ ಮಾಡಿದವರು. ಅವರ ಒಂದು ವಿಡಿಯೊ ಇದೆ. ಮಹಿಳೆಯೊಬ್ಬರು ಕಡ್ಡಿಪೆಟ್ಟಿಗೆಯಿಂದ ಕಡ್ಡಿ ತೆಗೆದು ಗೀರುತ್ತಾರೆ. ಕೆಲವೇ ಸೆಕೆಂಡಿನ ಕೆಲಸ. ಆಮೇಲೆ ಅವರ ಬೆರಳ ತುದಿಗಳನ್ನು ಚುಚ್ಚುಮದ್ದಿನಿಂದ ಮರಗಟ್ಟಿಸುತ್ತಾರೆ. ಸ್ನಾಯುಗಳೆಲ್ಲ ಸರಿ ಇವೆ, ಕಣ್ಣಂತೂ ಕಡ್ಡಿಯ ಮೇಲೇ ನೆಟ್ಟಿದೆ. ಆದರೂ ಕಡ್ಡಿ ಸಿಗುವುದಿಲ್ಲ, ಸಿಕ್ಕಿದ್ದು ಬೀಳುತ್ತದೆ, ಹಿಡಿದದ್ದು ತಿರುಗಿಕೊಳ್ಳುತ್ತದೆ. ನೋಡುವವರಿಗೇ ಕೈ ಚಾಚಿ ಹಚ್ಚಿಕೊಡೋಣ ಅನ್ನಿಸುತ್ತದೆ. ಮುಟ್ಟಿದ ಸುದ್ದಿ ಬೆರಳಿನಿಂದ ಬರುತ್ತದೆಂಬ ನಂಬಿಕೆಯಿಂದಲೇ ಕಣ್ಣು ಮುಂದಕ್ಕೆ ಹೋಗುತ್ತದೆ. ಆ ಸುದ್ದಿ ನಿಂತರೆ ಅದೂ ಅಲ್ಲೇ ನಿಲ್ಲಬೇಕು.

ನಮ್ಮೂರಿನ ಅಡಿಕೆ ಸುಲಿತದ ರಾತ್ರಿಗಳು ನೆನಪಾಗುವುದು ಇಲ್ಲಿಯೇ. ಮಲೆನಾಡಿನಲ್ಲಿ ಕೊಯ್ಲು ಶುರುವಾದರೆ ಸಂಜೆಯಿಂದ ನಡುರಾತ್ರಿಯವರೆಗೆ ಅಂಗಳದ ಚಪ್ಪರದಡಿ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದರು. ಡಬ್ಬದ ಲೆಕ್ಕದಲ್ಲಿ ಕೂಲಿ. ಹಸಿರು ಅಡಿಕೆಯನ್ನು ಅಲುಗಿಗೆ ಒತ್ತಿ, ಒಂದು ತಿರುವು ತಿರುವಿ, ಸಿಪ್ಪೆ ಆ ಕಡೆ, ಬೇಳೆ ಈ ಕಡೆ. ಹೆಬ್ಬೆರಳಿಗೂ ಅಲುಗಿಗೂ ಗೋಧಿ ಕಾಳಿನಷ್ಟು ಅಂತರ. ನನ್ನ ಅಮ್ಮನ ಕಣ್ಣು ಆ ಅಲುಗಿನ ಮೇಲೆ ಇದ್ದದ್ದನ್ನು ನಾನು ಕಂಡಿಲ್ಲ. ಯಾರ ಮಗಳನ್ನು ನೋಡಲು ಎಲ್ಲಿಂದ ಗಂಡು ಬಂತು, ಉಪ್ಪಿಟ್ಟು ತಿಂದು ಏನು ಹೇಳಿ ಹೋದರು ಎಂದು ವಿವರಿಸುತ್ತಿದ್ದವಳ ಬಾಯಿಯ ಮೇಲೆ ಅದು ಇರುತ್ತಿತ್ತು. ಕರೆಂಟು ಹೋದರೂ ಸುಲಿತ ನಿಲ್ಲುತ್ತಿರಲಿಲ್ಲ, ಕಥೆಯೂ ನಿಲ್ಲುತ್ತಿರಲಿಲ್ಲ. ಲಾಟೀನು ಬೇಕಾಗುತ್ತಿದ್ದದ್ದು ಡಬ್ಬ ಲೆಕ್ಕ ಬರೆಯುವ ಅಪ್ಪನಿಗೆ ಮಾತ್ರ.

ಈಗ ಸುಲಿಯುವ ಯಂತ್ರ ಬಂದಿದೆ. ಒಂದು ಕಡೆ ಸುರಿದರೆ ಇನ್ನೊಂದು ಕಡೆ ಬೇಳೆ ಬೀಳುತ್ತದೆ. ನಮ್ಮೂರಿನದಕ್ಕೆ ಕಣ್ಣೇ ಇಲ್ಲ. ಮನುಷ್ಯ ಮಾಡಿದ ಬಹುಪಾಲು ಯಂತ್ರಗಳ ಗುಟ್ಟು ಇದೇ: ನೋಡುವ ಕಷ್ಟವೇ ಬೇಡವೆಂದು ವಸ್ತುವನ್ನೇ ಕೈಯ ಬುಡಕ್ಕೆ ತಂದು ಕೊಡುವುದು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಯುನಿಮೇಟ್, ಮೊದಲ ಕೈಗಾರಿಕಾ ರೋಬಾಟ್, ಕುರುಡು. ಅಚ್ಚಿನಿಂದ ಬಂದ ಬಿಸಿ ಲೋಹದ ತುಂಡನ್ನು ಅದು ಎತ್ತುತ್ತಿತ್ತು. ತುಂಡು ಇಟ್ಟ ಜಾಗದಲ್ಲಿದ್ದರೆ ಸರಿ. ಇಲ್ಲದಿದ್ದರೆ ಗಾಳಿಯನ್ನೇ ಹಿಡಿದು, ಗಾಳಿಯನ್ನೇ ಒಯ್ದು, ಗಾಳಿಯನ್ನೇ ಇಟ್ಟು ಬರಬೇಕು. ಕಚೇರಿಗಳಲ್ಲಿ ಅಂಥವರನ್ನು ನಾನೂ ಕಂಡಿದ್ದೇನೆ. ಬಡ್ತಿ ಅವರಿಗೇ ಬೇಗ ಸಿಗುತ್ತಿತ್ತು.

ಕುರುಡು ರೋಬಾಟಿಗೆ ಕಣ್ಣು ಕೊಡುವುದು ನನ್ನ ತಂಗಿಯ ಮಗನ ಉದ್ಯೋಗ. ಪೀಣ್ಯದ ಕಡೆ ಒಂದು ಕಂಪನಿ. "ಬಾ ಮಾವ, ತೋರಿಸ್ತೀನಿ" ಎಂದು ಕರೆದುಕೊಂಡು ಹೋಗಿದ್ದ. ಗಾಜಿನ ಕೋಣೆಯೊಳಗೆ ಒಂಟಿ ತೋಳು. ಎದುರಿಗೆ ಒಂದು ಟ್ರೇ ತುಂಬ ಅಡ್ಡಾದಿಡ್ಡಿ ಬಿದ್ದ ಬೇರಿಂಗುಗಳು. ತೋಳು ಬಗ್ಗಿತು, ನಿಂತಿತು, ಯೋಚಿಸಿತು, ಒಂದನ್ನು ಎತ್ತಿತು. ಅಷ್ಟು ಹೊತ್ತಿಗೆ ನಾನು ಎರಡು ಸಲ ಕನ್ನಡಕ ಒರೆಸಿಕೊಂಡಿದ್ದೆ.

"ಕ್ಯಾಮೆರಾ ಇದ್ಯಲ್ಲೋ, ನೋಡಿ ಎತ್ತಬಾರ್ದೇನೋ ಬೇಗ?"

"ಕಾಣ್ತದೆ ಮಾವ. ಕಂಡಿದ್ದು ಕೈಗೆ ಗೊತ್ತಾಗ್ಬೇಕಲ್ಲ."

ಅವನು ವಿವರಿಸಿದ್ದು ಇದು. ಕ್ಯಾಮೆರಾ 'ಬೇರಿಂಗು ನನ್ನಿಂದ ಇಷ್ಟು ದೂರ' ಎನ್ನುತ್ತದೆ. ತೋಳಿಗೆ ಗೊತ್ತಿರುವುದು ತನ್ನ ಬುಡದಿಂದ ಎಷ್ಟು ದೂರ ಎಂಬುದು. ಕಣ್ಣಿನ ಲೆಕ್ಕಕ್ಕೂ ಕೈಯ ಲೆಕ್ಕಕ್ಕೂ ತಾಳೆ ಹಾಕುವ ಈ ಕೆಲಸಕ್ಕೆ ಹ್ಯಾಂಡ್-ಐ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಚದುರಂಗದ ಮಣೆಯಂಥ ಕಪ್ಪುಬಿಳಿ ಚೌಕಗಳ ಹಲಗೆಯನ್ನು ತೋಳಿಗೆ ಕಟ್ಟಿ, ತೋಳನ್ನು ಹತ್ತಾರು ಭಂಗಿಯಲ್ಲಿ ನಿಲ್ಲಿಸಿ, ಪ್ರತಿ ಸಲವೂ ಚಿತ್ರ ತೆಗೆದು, ಎಎಕ್ಸ್ ಸಮ ಎಕ್ಸ್‌ಬಿ ಎಂಬ ಸಮೀಕರಣ ಬಿಡಿಸಬೇಕು. 1980ರ ದಶಕದಿಂದ ಇದರ ಮೇಲೆ ಪ್ರಬಂಧಗಳು ಬರುತ್ತಲೇ ಇವೆ. ಇಷ್ಟೆಲ್ಲ ಮಾಡಿ ಕೂರಿಸಿದ ಮೇಲೆ ಯಾರಾದರೂ ಕ್ಯಾಮೆರಾದ ಕಂಬಕ್ಕೆ ತಾಗಿದರೆ ಮತ್ತೆ ಮೊದಲಿನಿಂದ. "ಸೋಮವಾರ ಕಸ ಗುಡಿಸೋರ ಪೊರಕೆ ತಾಗಿತ್ತು ಮಾವ" ಎಂದ. ದನಿಯಲ್ಲಿ ಸೂತಕದ ಛಾಯೆ ಇತ್ತು.

ನಾನು ನನ್ನ ಹೊಸ ಪ್ರೋಗ್ರೆಸಿವ್ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಂಡೆ. ಕೊಟ್ಟಾಗ ಅಂಗಡಿಯವನು "ಒಂದು ವಾರ ಮೆಟ್ಟಿಲು ನೋಡ್ಕೊಂಡು ಇಳೀರಿ ಸಾರ್, ಆಮೇಲೆ ತಾನಾಗೇ ಅಭ್ಯಾಸ ಆಗ್ತದೆ" ಎಂದಿದ್ದ. ಆಯಿತು. ಎಎಕ್ಸ್, ಎಕ್ಸ್‌ಬಿ ಯಾವುದೂ ಇಲ್ಲದೆ ತಾನಾಗೇ ಆಯಿತು. 1890ರ ದಶಕದಲ್ಲಿ ಜಾರ್ಜ್ ಸ್ಟ್ರಾಟನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಜಗತ್ತನ್ನೇ ತಲೆಕೆಳಗು ಮಾಡಿ ತೋರಿಸುವ ಮಸೂರವನ್ನು ಒಂದು ಕಣ್ಣಿಗೆ ಕಟ್ಟಿ, ಇನ್ನೊಂದು ಕಣ್ಣು ಮುಚ್ಚಿಕೊಂಡು ಎಂಟು ದಿನ ಓಡಾಡಿದರು. ಮೊದಮೊದಲು ಕೈ ಮೇಲಕ್ಕೆ ಚಾಚಬೇಕಾದಲ್ಲಿ ಕೆಳಕ್ಕೆ ಹೋಗುತ್ತಿತ್ತು. ದಿನ ಕಳೆದಂತೆ ಅದು ಯೋಚನೆಯಿಲ್ಲದೆ ಸರಿಯಾದ ಜಾಗಕ್ಕೇ ಹೋಗತೊಡಗಿತು. ಪ್ರಾಧ್ಯಾಪಕರ ಮನೆಯವರು ಆ ಎಂಟು ದಿನ ಏನನ್ನು ಅನುಭವಿಸಿದರು ಎಂದು ತಿಳಿಯುವ ಕುತೂಹಲ ನನ್ನ ಹೆಂಡತಿಯದು.

ಅವಳಿಗೆ ರೋಬಾಟುಗಳ ಬಗ್ಗೆ ಗೌರವ ಹುಟ್ಟಿದ್ದು ಒಂದೇ ಸಲ. 2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದವರ ರೋಬಾಟು ರಾಶಿಯಲ್ಲಿದ್ದ ಟವೆಲುಗಳನ್ನು ಒಂದೊಂದೇ ಎತ್ತಿ, ತಿರುತಿರುಗಿಸಿ ಮೂಲೆ ಹುಡುಕಿ, ಮಡಿಸಿ ಒಟ್ಟಿತು. ಒಂದು ಟವೆಲಿಗೆ ಸುಮಾರು 25 ನಿಮಿಷ. ಜನ ನೋಡುವ ಹಾಗಾಗಲಿ ಎಂದು ವಿಡಿಯೊವನ್ನು 50 ಪಟ್ಟು ವೇಗದಲ್ಲಿ ಓಡಿಸಿದ್ದರು. ನಾನು ನಕ್ಕೆ. ಅವಳು ನಗಲಿಲ್ಲ. "ಇಪ್ಪತ್ತೈದು ನಿಮಿಷವಾದ್ರೂ ಆಗ್ಲಿ, ಮಡಿಸ್ತಲ್ಲ" ಎಂದು ನನ್ನ ಕುರ್ಚಿಯ ಬೆನ್ನಿನ ಮೇಲಿದ್ದ ಟವೆಲಿನ ಕಡೆ ನೋಡಿದಳು.

ಆಮೇಲೆ ಸಮೀಕರಣ ಬಿಟ್ಟು ಅಭ್ಯಾಸವನ್ನೇ ನಂಬಿದವರು ಬಂದರು. ಗೂಗಲ್‌ನ ವಿಜ್ಞಾನಿಗಳು 2016ರ ಹೊತ್ತಿಗೆ ಹದಿನಾಲ್ಕು ತೋಳುಗಳವರೆಗೆ ಸಾಲಾಗಿ ನಿಲ್ಲಿಸಿ, ಮುಂದೆ ಡಬ್ಬಿ, ಬ್ರಷ್ಷು, ಸ್ಪಂಜು ಮುಂತಾದ ಸಾಮಾನು ಸುರಿದು 'ಎತ್ತಿ ನೋಡಿ' ಎಂದು ಬಿಟ್ಟರು. ಎರಡು ತಿಂಗಳಲ್ಲಿ ಎಂಟು ಲಕ್ಷ ಪ್ರಯತ್ನ. ಬಿದ್ದದ್ದು, ಎದ್ದದ್ದು ಎಲ್ಲವೂ ಲೆಕ್ಕಕ್ಕೆ. ಕೊನೆಗೆ ತೋಳುಗಳು ಹೋಗುಹೋಗುತ್ತಲೇ ತಿದ್ದಿಕೊಳ್ಳುವುದನ್ನು ಕಲಿತವು. ಮೆತ್ತಗಿನ ವಸ್ತುವಾದರೆ ಒಂದು ಬೆರಳನ್ನು ಅದರ ನಡುವಿಗೇ ಇಳಿಸಿ ಚಿವುಟಿ ಎತ್ತಬೇಕೆಂದು ಯಾರೂ ಹೇಳಿಕೊಡದೆ ಕಂಡುಕೊಂಡವು. ಎಂಟು ಲಕ್ಷ ದೊಡ್ಡ ಸಂಖ್ಯೆಯೇ. ಆದರೆ ತೊಟ್ಟಿಲಿನಿಂದ ಟೀ ಲೋಟದವರೆಗೆ ನಾವು ಕೈ ಚಾಚಿದ್ದನ್ನು ಎಣಿಸಿದವರು ಯಾರು?

ತೊಟ್ಟಿಲಲ್ಲೇ ಶುರುವಾಗುತ್ತದೆ ಅದು. ಆಡ್ರೆ ವಾನ್ ಡೆರ್ ಮೀರ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಕೆಲವೇ ವಾರದ ಕೂಸುಗಳ ಮಣಿಕಟ್ಟಿಗೆ ದಾರದಲ್ಲಿ ಪುಟ್ಟ ತೂಕ ಕಟ್ಟಿ ಮೆಲ್ಲಗೆ ಕೆಳಕ್ಕೆ ಎಳೆಸಿದರು, 1995ರ ಪ್ರಬಂಧ. ಕೈ ತನಗೆ ಕಾಣುತ್ತಿದ್ದರೆ ಕೂಸು ಅದನ್ನು ಬಿಟ್ಟುಕೊಡದೆ ಮೇಲೇ ಹಿಡಿಯುತ್ತಿತ್ತು. ಟಿವಿ ಪರದೆಯಲ್ಲಿ ಕಂಡರೂ ಸರಿ. ಕಾಣದಿದ್ದರೆ ಬಿಟ್ಟುಬಿಡುತ್ತಿತ್ತು. ನಮ್ಮ ಮೊಮ್ಮಗಳು ಮೂರು ತಿಂಗಳಿನವಳಿದ್ದಾಗ ತನ್ನ ಮುಷ್ಟಿಯನ್ನು ಎದುರಿಗೆ ಹಿಡಿದು, ತಿರುಗಿಸಿ, ಹುಬ್ಬು ಗಂಟಿಕ್ಕಿ ನೋಡುತ್ತ ಮಲಗಿರುತ್ತಿದ್ದಳು. ಆಡಿಟ್ಟಿಗೆ ಬಂದವರ ಗಾಂಭೀರ್ಯ. ಅದು ಕ್ಯಾಲಿಬ್ರೇಷನ್ ನಡೆಯುತ್ತಿದ್ದ ಹೊತ್ತು ಎಂದು ಈಗ ತಿಳಿಯಿತು. ಒಮ್ಮೆ ಮುಗಿದರೆ ಮಗು ತನ್ನ ಕೈಯನ್ನು ಹಾಗೆ ನೋಡುವುದನ್ನು ಬಿಡುತ್ತದೆ. ನೋಡಲು ಜಗತ್ತು ಇರುತ್ತದಲ್ಲ.

ಕ್ರಿಕೆಟ್ ಪ್ರಿಯರಿಗಾಗಿ ಒಂದು ಮಾತು. 'ಚೆಂಡಿನ ಮೇಲೆ ಕಣ್ಣಿಡು' ಎಂಬುದು ನಮ್ಮ ಕಾಲದ ಎಲ್ಲ ಕೋಚುಗಳ ಮಂತ್ರವಾಗಿತ್ತು. ಇದೇ ಲ್ಯಾಂಡ್, ಪೀಟರ್ ಮೆಕ್ಲಿಯಡ್ ಜೊತೆ ಸೇರಿ 2000ದಲ್ಲಿ ತೋರಿಸಿದ ಪ್ರಕಾರ ಬ್ಯಾಟುಗಾರ ಚೆಂಡು ಹೊರಟ ಗಳಿಗೆಯನ್ನು ನೋಡಿ, ಆಮೇಲೆ ಕಣ್ಣನ್ನು ಒಂದೇ ನೆಗೆತಕ್ಕೆ ಚೆಂಡು ಪುಟಿಯಲಿರುವ ಜಾಗಕ್ಕೆ ಕಳಿಸಿ ಅಲ್ಲಿ ಕಾಯುತ್ತಾನೆ. ಆಟಗಾರ ಒಳ್ಳೆಯವನಾದಷ್ಟೂ ಕಣ್ಣು ಬೇಗ ಅಲ್ಲಿರುತ್ತದೆ. ಭದ್ರಾವತಿಯ ಜಿ. ಆರ್. ವಿಶ್ವನಾಥರ ಸ್ಕ್ವೇರ್ ಕಟ್ ನೋಡುವಾಗ ಅವರಿಗೆ ಬೇರೆಯವರಿಗಿಂತ ಹೆಚ್ಚು ಸಮಯ ಇದೆಯಲ್ಲ ಅನ್ನಿಸುತ್ತಿತ್ತು. ಅವರ ತಲೆಗೆ ಯಾರೂ ಕ್ಯಾಮೆರಾ ಕಟ್ಟಲಿಲ್ಲವೆಂಬುದು ನನ್ನ ಪಾಲಿಗೆ ಭಾರತೀಯ ವಿಜ್ಞಾನದ ದೊಡ್ಡ ನಷ್ಟ. ಈಗ ಟೇಬಲ್ ಟೆನಿಸ್ ಆಡುವ ರೋಬಾಟು ಬಂದಿದೆ. ಗೂಗಲ್ ಡೀಪ್‌ಮೈಂಡ್‌ನವರದು, 2024ರದು. ಮನುಷ್ಯರ ಎದುರು 29 ಪಂದ್ಯಗಳಲ್ಲಿ 13 ಗೆದ್ದಿತು. ಹೊಸಬರನ್ನೆಲ್ಲ ಸೋಲಿಸಿತು, ನುರಿತವರಿಗೆಲ್ಲ ಸೋತಿತು.

ರೋಬಾಟುಗಳು ಮುಂದೆ ಬರುತ್ತಿವೆ, ಸಂತೋಷ. ನನಗೆ ಕಸಿವಿಸಿ ನಾವು ಹಿಂದಕ್ಕೆ ಹೋಗುತ್ತಿರುವುದರ ಬಗ್ಗೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಕೂಡ ನನಗೆ ಅಂಜಿಕೆಯಿರಲಿಲ್ಲ. ಅದರ ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಪುಟ್ಟ ಉಬ್ಬು ಇದೆ. ತೋರುಬೆರಳು ಅದನ್ನು ಸವರಿದರೆ ಸಾಕು, ಉಳಿದ ಎಂಟೂ ತಮ್ಮ ತಮ್ಮ ಸ್ಥಾನಕ್ಕೆ ಬಂದು ನಿಲ್ಲುತ್ತವೆ. ಫೋನಿನ ಗಾಜಿನಲ್ಲಿ ಉಬ್ಬಿಲ್ಲ, ತಗ್ಗಿಲ್ಲ, ಅಂಚಿಲ್ಲ. ಕ ಮುಟ್ಟಿದರೂ ಮ ಮುಟ್ಟಿದರೂ ಬೆರಳಿಗೆ ಅದೇ ನುಣುಪು. ಸ್ವೀಡನ್ನಿನ ಆ ಮಹಿಳೆಗೆ ಚುಚ್ಚುಮದ್ದಿನಿಂದ ಆದದ್ದು ನಮಗೆ ಗಾಜಿನಿಂದ ಆಗಿದೆ. ಆದ್ದರಿಂದ ಮುಂಚೂಣಿಯಲ್ಲಿ ಓಡಾಡುತ್ತಿದ್ದ ಕಣ್ಣನ್ನು ವಾಪಸು ಕರೆಸಿ ಹೆಬ್ಬೆರಳಿನ ಕಾವಲಿಗೆ ಹಾಕಿದ್ದೇವೆ. ಮೇಷ್ಟ್ರ ರಟ್ಟಿನಡಿಯಲ್ಲಿ 'ರಾಷ್ಟ್ರ' ಹೊಡೆದ ಹತ್ತು ಬೆರಳಿನವನು ಈಗ ಒಂದು ಬೆರಳಲ್ಲಿ, ಉಸಿರು ಬಿಗಿಹಿಡಿದು, 'ಶುಭೋದಯ' ಕುಟ್ಟುತ್ತಾನೆ. ಮೊಮ್ಮಗಳು ತೊಟ್ಟಿಲಲ್ಲೇ ಮುಗಿಸಿದ ಪಾಠಕ್ಕೆ ನಾನು ಅರವತ್ತು ದಾಟಿ ಮತ್ತೆ ಸೇರಿಕೊಂಡಿದ್ದೇನೆ. ಬಸ್ಸಿನಲ್ಲಿ ನೋಡಿದರೆ ಪೂರ್ತಿ ತರಗತಿಯೇ ಇದೆ, ಎಲ್ಲರೂ ಕೈ ನೋಡಿಕೊಂಡು ಕೂತಿರುತ್ತಾರೆ.

ಅಮ್ಮ ಈಗಿಲ್ಲ. ಇದ್ದಿದ್ದರೆ ತಂಗಿಯ ಮಗನ ಗಾಜಿನ ಕೋಣೆಯ ಮುಂದೆ ಒಂದು ಮೆಟ್ಟುಗತ್ತಿ ಹಾಕಿ ಕೂರಿಸಬಹುದಿತ್ತು. ಅವನೇ ಹೇಳುತ್ತಾನೆ, ರೋಬಾಟಿನ ಬೆರಳಿಗೆ ನಮ್ಮ ಚರ್ಮದಂಥ ಚರ್ಮ ಮಾಡುವುದು ಕ್ಯಾಮೆರಾ ಮಾಡುವುದಕ್ಕಿಂತ ಬಹಳ ಕಷ್ಟವಂತೆ. ಕೋಟಿ ಕೋಟಿ ಸುರಿದು ಕೆಲಸ ನಡೆದಿದೆ. ಆದೀತು ಒಂದು ದಿನ.

ಅಷ್ಟರೊಳಗೆ ನೀವು ಬೆಂಗಳೂರಿನ ಗಾಂಧಿ ಬಜಾರಿನ ಕಡೆ ಹೋದರೆ ಪಾದಚಾರಿ ದಾರಿಯಲ್ಲಿ ಮಲ್ಲಿಗೆ ಕಟ್ಟುತ್ತ ಕೂತ ಯಾರಾದರೊಬ್ಬ ಹೂವಿನಮ್ಮನ ಎದುರು ಸ್ವಲ್ಪ ಹೊತ್ತು ನಿಲ್ಲಿ. ಬಾಳೆನಾರು, ಎರಡು ಹೂ ಆಚೆ, ಎರಡು ಹೂ ಈಚೆ, ಒಂದು ಗಂಟು. ಅವರ ಕಣ್ಣನ್ನು ನೋಡಿ: ಬರುವ ಗಿರಾಕಿಯ ಮೇಲಿರುತ್ತದೆ, ಪಕ್ಕದ ಅಂಗಡಿಯ ಜಗಳದ ಮೇಲಿರುತ್ತದೆ, ಹೂವಿನ ಮೇಲೆ ಮಾತ್ರ ಇರುವುದಿಲ್ಲ. ಎಷ್ಟು ಹೊತ್ತಾದರೂ ನೋಡಿ, ಕಾಸಿಲ್ಲ. ಮೊಳ ಹಾಕುವಾಗ ಮಾತ್ರ ನಿಮ್ಮ ಕಣ್ಣು ಅವರ ಕೈಯ ಮೇಲೇ ಇರಲಿ.